ಕೆಲಸ ಎಣಿಸಿ ಕೊಡುವ ಪ್ರೋತ್ಸಾಹಧನ ಮತ್ತು ಆರೋಗ್ಯ ಕಾರ್ಯಕರ್ತೆಯರು: ದಕ್ಷಿಣ ಕನ್ನಡ, ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಿಬ್ಬಂದಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಪಂಚಾಯತ್ ಸದಸ್ಯರು ಮತ್ತು ಊರಿನವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಕ್ಲೇಮ್ ಬರೆಯುವ ಮೊದಲು ಚಾಲ್ತಿಯ ಸುತ್ತೋಲೆಯ ಪ್ರತಿಯನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಇಟ್ಟುಕೊಳ್ಳಿ.

ಕಾರ್ಯಕ್ಷಮತೆ ಆಧಾರಿತ ಹಣಕಾಸು ಎಂದರೇನು? ಸಂಬಳಕ್ಕೂ ಇದಕ್ಕೂ ಏನು ವ್ಯತ್ಯಾಸ?

ತಿಂಗಳು ಮುಗಿದಾಗ ಇಷ್ಟು ಎಂದು ಕೈಗೆ ಬರುವುದು ಸಂಬಳ. ಮಾಡಿದ ಕೆಲಸವನ್ನು ಎಣಿಸಿ, ಅದು ನಿಜವಾಗಿ ಆಗಿದೆಯೇ ಎಂದು ನೋಡಿ, ಆಮೇಲೆ ಕೊಡುವುದು ಈ ಪದ್ಧತಿ. ಇದರಲ್ಲಿ ಎರಡು ದಾರಿ ಇದೆ. ಒಂದರಲ್ಲಿ ಹಣ ಆಸ್ಪತ್ರೆಗೆ ಹೋಗುತ್ತದೆ, ಆಸ್ಪತ್ರೆ ಒಂದು ಪಾಲನ್ನು ಸಿಬ್ಬಂದಿಗೆ ಹಂಚುತ್ತದೆ. ರುವಾಂಡಾ, ಬುರುಂಡಿ ದೇಶಗಳಲ್ಲಿ ನಡೆದದ್ದು ಇದು. ಇನ್ನೊಂದರಲ್ಲಿ ಹಣ ನೇರವಾಗಿ ಕೆಲಸ ಮಾಡಿದವರ ಖಾತೆಗೆ ಬರುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ಈ ಎರಡನೆಯ ಬಗೆಯದು.

ನಮ್ಮ ಜಿಲ್ಲೆಗಳಲ್ಲಿ ಇದು ಯಾರ್ಯಾರಿಗೆ ಅನ್ವಯಿಸುತ್ತದೆ?

ಮುಖ್ಯವಾಗಿ ಆಶಾ ಕಾರ್ಯಕರ್ತೆಯರಿಗೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರು ಎಂಬ ಲೆಕ್ಕದಲ್ಲಿ, 'ಗೌರವ ಸ್ವಯಂಸೇವಕಿ' ಎಂಬ ಹೆಸರಿನಲ್ಲಿ ಅವರನ್ನು ತೆಗೆದುಕೊಳ್ಳಲಾಯಿತು. ಸ್ವಯಂಸೇವಕಿ ಎಂದ ಕಾರಣಕ್ಕೆ ಅವರಿಗೆ ಸಂಬಳವಿಲ್ಲ, ಕೆಲಸವಾರು ದರಪಟ್ಟಿ ಇದೆ.

ಮೇಲ್ದರ್ಜೆಗೇರಿಸಿದ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳ ಆದಾಯದ ಒಂದು ಭಾಗವೂ ಕೆಲಸದ ಅಂಕಗಳ ಮೇಲೆ ನಿಂತಿದೆ. ಆಸ್ಪತ್ರೆಯ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಬಹುಮಾನ ಮತ್ತು ರಾಷ್ಟ್ರೀಯ ಗುಣಮಟ್ಟ ಪ್ರಮಾಣಪತ್ರದ ಹಣ ಇಡೀ ಆಸ್ಪತ್ರೆಗೆ ಸಿಗುತ್ತದೆ.

ಒಂದು ಹೆರಿಗೆಗೆ ಆಶಾ ಕಾರ್ಯಕರ್ತೆಗೆ ಒಟ್ಟು ಎಷ್ಟು ಸಿಗುತ್ತದೆ?

ಕೇಂದ್ರ ಸರ್ಕಾರದ ದರಪಟ್ಟಿಯಂತೆ ಗ್ರಾಮೀಣ ಭಾಗದ ಲೆಕ್ಕ ಹೀಗಿದೆ. ಆಸ್ಪತ್ರೆ ಹೆರಿಗೆಗೆ ಪ್ರೋತ್ಸಾಹ ಕೊಡುವ ಜನನಿ ಸುರಕ್ಷಾ ಯೋಜನೆಯಲ್ಲಿ 600 ರೂಪಾಯಿ: ಗರ್ಭಿಣಿಯ ತಪಾಸಣೆಗಳನ್ನು ಮಾಡಿಸಿದ್ದಕ್ಕೆ 300, ಆಸ್ಪತ್ರೆ ಹೆರಿಗೆಗೆ ನೆರವಾದದ್ದಕ್ಕೆ 300. ನಗರದಲ್ಲಿ ಇದು 200 ಮತ್ತು 200. ನವಜಾತ ಶಿಶುವಿನ ಮನೆಭೇಟಿಗಳಿಗೆ 250. ಆಮೇಲೆ 3, 6, 9, 12, 15ನೇ ತಿಂಗಳ ಐದು ಭೇಟಿಗಳಿಗೆ ತಲಾ 50ರಂತೆ 250. ಮೊದಲ ವರ್ಷದ ಲಸಿಕೆ ಪೂರ್ತಿಯಾದರೆ 100, ಎರಡನೇ ವರ್ಷದ್ದಕ್ಕೆ 75. ಎಲ್ಲ ಕೂಡಿಸಿದರೆ 1,275 ರೂಪಾಯಿ. ಅದು ಕೈಸೇರಲು ಗರ್ಭಿಣಿಯ ಹೆಸರು ನೋಂದಾಯಿಸಿದ ದಿನದಿಂದ ಎರಡು ವರ್ಷಕ್ಕಿಂತ ಹೆಚ್ಚು ಬೇಕು.

ಇದರಲ್ಲಿ 250 ರೂಪಾಯಿಯ ಮನೆಭೇಟಿಯನ್ನು ಬಿಡಿಸಿ ನೋಡಿ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಹೀಗೆ ಆರು ಭೇಟಿ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು. ಪ್ರತಿ ಸಲ ಕೈ ತೊಳೆದು ಮಗುವನ್ನು ತೂಗಬೇಕು, ಥರ್ಮಾಮೀಟರ್ ಇಡಬೇಕು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಹೊಕ್ಕುಳ, ಕಣ್ಣು, ಚರ್ಮ ನೋಡಬೇಕು. ಬಾಣಂತಿಗೆ ರಕ್ತಸ್ರಾವ, ಜ್ವರ, ಎದೆಹಾಲಿನ ತೊಂದರೆ ಇದೆಯೇ ಎಂದು ವಿಚಾರಿಸಿ ಫಾರಂ ತುಂಬಬೇಕು. ಸರಿಯಾಗಿ ಮಾಡಿದರೆ ಮುಕ್ಕಾಲು ಗಂಟೆ ಬೇಕು. ಭೇಟಿಗೆ ಬೀಳುವುದು 42 ರೂಪಾಯಿಗಿಂತ ಕಡಿಮೆ. ಹೋಗಿಬರುವ ಖರ್ಚು ಅದರೊಳಗೇ.

ಈ ಭೇಟಿಗಳ ಬಗ್ಗೆ 2011ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಹಣಕ್ಕೆ ನಾಲ್ಕು ಷರತ್ತುಗಳಿದ್ದವು: ಜನನ ತೂಕ ದಾಖಲಾಗಿರಬೇಕು, ಆರಂಭದ ಲಸಿಕೆಗಳಾಗಿರಬೇಕು, ಜನನ ನೋಂದಣಿಯಾಗಿರಬೇಕು, 42ನೇ ದಿನದವರೆಗೆ ತಾಯಿ ಮಗು ಇಬ್ಬರೂ ಸುರಕ್ಷಿತವಾಗಿರಬೇಕು. ನಾಲ್ಕನೆಯ ಷರತ್ತು ನಮ್ಮ ದೃಷ್ಟಿಯಲ್ಲಿ ತಪ್ಪು. ಕಡಿಮೆ ತೂಕದ ಮಗುವಿನ ಮನೆಗೆ ಎಲ್ಲರಿಗಿಂತ ಹೆಚ್ಚು ಸಲ ಹೋದವಳು, ಆ ಮಗು ಉಳಿಯದಿದ್ದರೆ, ದುಃಖವನ್ನೂ ಹೊತ್ತು ಹಣವನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಇದೇ ದರಪಟ್ಟಿ ಎಲ್ಲ ಕಡೆ ಇರುವಾಗ ಕರಾವಳಿಯಲ್ಲಿ ಆದಾಯ ಕಡಿಮೆ ಯಾಕೆ?

ದರಪಟ್ಟಿಯ ದೊಡ್ಡ ಮೊತ್ತಗಳು ಹೆರಿಗೆ ಮತ್ತು ಮಗುವಿಗೆ ಸೇರಿದವು. ನಮ್ಮಲ್ಲಿ ಮಕ್ಕಳು ಕಡಿಮೆ, ವಯಸ್ಸಾದವರು ಹೆಚ್ಚು. ಲೆಕ್ಕಕ್ಕಾಗಿ ಒಂದು ಊರಿನಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ 25 ಹೆರಿಗೆ, ಇನ್ನೊಂದರಲ್ಲಿ 10 ಎಂದಿಟ್ಟುಕೊಳ್ಳಿ. ಎಲ್ಲ ಬಾಬತ್ತೂ ಸಿಕ್ಕರೆ ಮೊದಲನೆಯವಳಿಗೆ 31,875 ರೂಪಾಯಿ, ಎರಡನೆಯವಳಿಗೆ 12,750. ತಿಂಗಳಿಗೆ ಸಾವಿರದ ಆಸುಪಾಸು.

ಅದೂ ಪೂರ್ತಿ ಸಿಗುವುದಿಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಕರ್ನಾಟಕ ಮುಂದುವರಿದ ರಾಜ್ಯಗಳ ಗುಂಪಿನಲ್ಲಿದೆ. ಹಾಗಾಗಿ ಬಿಪಿಎಲ್ ಅಥವಾ ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಮಾತ್ರ ಅದು ಅನ್ವಯ, ಹೆರಿಗೆಯೂ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲೇ ಆಗಬೇಕು. ಮಂಗಳೂರು, ಮಣಿಪಾಲ, ಕುಂದಾಪುರ, ಪುತ್ತೂರಿನಲ್ಲಿ ಖಾಸಗಿ ಆಸ್ಪತ್ರೆಗಳು ಕೈಗೆಟುಕುವಷ್ಟು ಹತ್ತಿರ. ಹತ್ತರಲ್ಲಿ ಐದು ತಾಯಂದಿರು ಯೋಜನೆಯ ಹೊರಗಿದ್ದರೆ 12,750 ಇಳಿದು 9,750 ಆಗುತ್ತದೆ. ಓಡಾಟ ಅಷ್ಟೇ ಇರುತ್ತದೆ.

ಇನ್ನು ನಮ್ಮ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಹೆಬ್ರಿ, ಸುಳ್ಯ, ಬೆಳ್ತಂಗಡಿ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಅಡಿಕೆ ತೋಟ ದಾಟಿ, ಸಂಕ ದಾಟಿ, ಗುಡ್ಡ ಹತ್ತಿ ಹೋಗಬೇಕು. ಆಟಿ ತಿಂಗಳ ಮಳೆಯಲ್ಲಿ ಆರು ಮನೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ದರಪಟ್ಟಿಯಲ್ಲಿ ದೂರಕ್ಕೆ ಅಂಕಣವೇ ಇಲ್ಲ.

ಹಾಗಾದರೆ ಬಿಪಿ, ಶುಗರ್ ಕೆಲಸಕ್ಕೆ ಏನೂ ಇಲ್ಲವೇ?

ಇದೆ, ಆದರೆ ತೆಳುವಾಗಿದೆ. 30 ವರ್ಷ ದಾಟಿದವರ ಅಪಾಯ ಗುರುತಿಸುವ ಫಾರಂಗೆ ತಲಾ 10 ರೂಪಾಯಿ. ರೋಗ ಪತ್ತೆಯಾದವರು ಚಿಕಿತ್ಸೆ ಬಿಡದಂತೆ ನೋಡಿಕೊಂಡರೆ ಆರು ತಿಂಗಳಿಗೆ ಒಬ್ಬರಿಗೆ 50. ಒಬ್ಬ ಅಜ್ಜ ಮಾತ್ರೆ ಬಿಡದಂತೆ ತಿಂಗಳಿಗೊಮ್ಮೆ ಮನೆಗೆ ಹೋದರೆ ವರ್ಷಕ್ಕೆ ಹನ್ನೆರಡು ಭೇಟಿ, ನೂರು ರೂಪಾಯಿ. ಹಾಸಿಗೆ ಹಿಡಿದವರ ಮನೆಯಲ್ಲಿ ಕೂತು ಎರಡು ಮಾತಾಡಿದ್ದಕ್ಕೆ, ಗಂಡ ಮಕ್ಕಳು ಕೊಲ್ಲಿ ದೇಶದಲ್ಲಿದ್ದು ಒಬ್ಬರೇ ಇರುವ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಗುವುದಿಲ್ಲ. ಕರಾವಳಿಯ ನಿಜವಾದ ಹೊರೆ ಇರುವುದು ಇಲ್ಲೇ.

ಹೆರಿಗೆಗೆ ತವರಿಗೆ ಹೋದರೆ ಹಣ ಯಾರಿಗೆ?

ಜಗಳ ಹುಟ್ಟುವ ಪ್ರಶ್ನೆ ಇದು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಕಾಪುವಿನಿಂದ ಬಂಟ್ವಾಳದ ತವರಿಗೆ ಹೋದಳು ಎಂದುಕೊಳ್ಳಿ. ತಪಾಸಣೆ ಮಾಡಿಸಿದವರು ಒಬ್ಬರು, ಹೆರಿಗೆಗೆ ಜೊತೆಗಿದ್ದವರು ಇನ್ನೊಬ್ಬರು. ಯೋಜನೆಯ ಮೊತ್ತ 300 ಮತ್ತು 300 ಎಂದು ಒಡೆದಿರುವುದರಿಂದ ಇಬ್ಬರೂ ತಮ್ಮ ತಮ್ಮ ಭಾಗಕ್ಕೆ ಕ್ಲೇಮ್ ಹಾಕಬಹುದು. ಮನೆಭೇಟಿ, ಲಸಿಕೆಯ ಹಣ ಆ ಕೆಲಸ ಮಾಡಿದವರಿಗೆ.

ಕೆಡುವುದು ದಾಖಲೆಯಲ್ಲಿ. ತವರಿನಲ್ಲಿ ಹೊಸದಾಗಿ ನೋಂದಾಯಿಸಿದರೆ ಒಬ್ಬಳೇ ತಾಯಿಗೆ ಎರಡು ಸಂಖ್ಯೆ ಬಂದು, ಹಳೆಯದರಲ್ಲಿ ಹೆರಿಗೆಯ ವಿವರ ಖಾಲಿ ಉಳಿಯುತ್ತದೆ. ಆದ್ದರಿಂದ ಹೊರಡುವ ಮೊದಲೇ ತಾಯಿ ಕಾರ್ಡಿನಲ್ಲಿರುವ, ಸರ್ಕಾರದ ತಾಯಿ ಮಕ್ಕಳ ದಾಖಲೆಯ ಆರ್‌ಸಿಎಚ್ ಸಂಖ್ಯೆಯನ್ನು ಡೈರಿಯಲ್ಲಿ ಬರೆದುಕೊಳ್ಳಿ, ಕಾರ್ಡಿನ ಫೋಟೋ ತೆಗೆದುಕೊಳ್ಳಿ, ತವರಿನ ಊರು ಮತ್ತು ಉಪಕೇಂದ್ರದ ಹೆಸರು ಕೇಳಿಕೊಳ್ಳಿ. ಅಲ್ಲಿನ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ, ಹಳೆಯ ಸಂಖ್ಯೆಯಲ್ಲೇ ಮುಂದುವರಿಸಲು ಹೇಳಿ.

ಕೆಲಸ ಮಾಡಿ ಫಾರಂ ಕೊಟ್ಟರೂ ಹಣ ಬರುವುದಿಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಹಣದ ದಾರಿ ಹೀಗಿದೆ: ಆಶಾ ಡೈರಿ, ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ಪರಿಶೀಲನೆ, ವೈದ್ಯಾಧಿಕಾರಿಯ ಸಹಿ, ಪೋರ್ಟಲ್‌ನಲ್ಲಿ ನಮೂದು, ತಾಲ್ಲೂಕಿನ ಮಂಜೂರಾತಿ, ಆಮೇಲೆ ಬ್ಯಾಂಕ್ ಖಾತೆ. ಪ್ರತಿ ಹೆಜ್ಜೆಯಲ್ಲೂ ನಿಲ್ಲಬಹುದು.

ನಮ್ಮ ರಾಜ್ಯದಲ್ಲಿ ಬಹುಕಾಲದ ದೂರು ಎಂದರೆ ಪ್ರೋತ್ಸಾಹಧನ ಪಾವತಿಯ 'ಆಶಾ ನಿಧಿ' ತಂತ್ರಾಂಶವನ್ನು ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದು. ಅಲ್ಲಿ ಸೇವೆ ನಮೂದಾಗದಿದ್ದರೆ ಇಲ್ಲಿ ಹಣ ಹುಟ್ಟುವುದೇ ಇಲ್ಲ. ನಮೂದು ಮಾಡುವುದು ಆಶಾ ಅಲ್ಲ. ಸರ್ವರ್ ನಿಧಾನ, ಡೇಟಾ ಎಂಟ್ರಿಗೆ ಜನವಿಲ್ಲ, ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಇಲ್ಲ, ಇವೆಲ್ಲದರ ನಷ್ಟ ಬೀಳುವುದು ಅವಳ ಮೇಲೆ.

ಎರಡನೆಯ ಕಾರಣ ಬ್ಯಾಂಕ್. ಇದು ನಮ್ಮ ಎರಡು ಜಿಲ್ಲೆಗಳಲ್ಲಿ ಬೇರೆ ಕಡೆಗಿಂತ ಹೆಚ್ಚು, ಯಾಕೆಂದರೆ ಇಲ್ಲಿ ಹುಟ್ಟಿದ ಬ್ಯಾಂಕುಗಳೇ ವಿಲೀನವಾದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ಪೋರ್ಟಲ್‌ನಲ್ಲಿ ಉಳಿದಿದ್ದರೆ ಹಣ ಹೋಗಿ ವಾಪಸ್ ಬರುತ್ತದೆ. ಪಾಸ್‌ಬುಕ್ಕಿನ ಮೊದಲ ಪುಟ ಹೊಸದಾಗಿ ಮುದ್ರಿಸಿಕೊಂಡು ಪೋರ್ಟಲ್‌ನ ವಿವರದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಆಧಾರ್ ಮೂಲಕ ಪಾವತಿಯಾದರೆ, ನೀವು ಕೊನೆಗೆ ಆಧಾರ್ ಜೋಡಿಸಿದ ಖಾತೆಗೆ ಹಣ ಹೋಗಿರುತ್ತದೆ. ಮೊದಲು ಆ ಖಾತೆ ಪರೀಕ್ಷಿಸಿ.

ಆಶಾ ಅಕ್ಕ ಸರ್ಕಾರಿ ಆಸ್ಪತ್ರೆಗೇ ಬನ್ನಿ ಎನ್ನುವುದು ಕಮಿಷನ್‌ಗಾಗಿಯಾ?

ಅವರಿಗೆ ಹಣ ಸಿಗುವುದು ನಿಜ, ಮೊತ್ತ ಮೇಲೆ ಹೇಳಿದಷ್ಟು. ಮುಚ್ಚಿಡುವಂಥದ್ದು ಏನೂ ಇಲ್ಲ. ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿ ಗೋಶನ್‌ಗೆ ಹೋಗಿ ಎಂದು ಆಕೆ ಹೇಳುವಾಗ ನಿಮ್ಮ ಮನೆಯ ಖರ್ಚು ಉಳಿಯುವುದೂ ಅಷ್ಟೇ ನಿಜ. ಆದರೆ ಊರಿನಲ್ಲಿ ಈ ಅನುಮಾನ ಒಮ್ಮೆ ಹುಟ್ಟಿದರೆ ಕಾರ್ಯಕರ್ತೆಗೆ ಬಹಳ ನೋವಾಗುತ್ತದೆ. ಅವಳ ಬಂಡವಾಳವೇ ನಂಬಿಕೆ. ತಲೆಗಿಷ್ಟು ಎಂದು ಹಣ ಕೊಡುವ ಪದ್ಧತಿಯಿಂದ ಅವಳಿಗೆ ಆಗುವ ದೊಡ್ಡ ಹಾನಿಗಳಲ್ಲಿ ಇದೂ ಒಂದು.

ಸಮುದಾಯ ಆರೋಗ್ಯ ಅಧಿಕಾರಿಗಳ ಲೆಕ್ಕ ಹೇಗೆ?

ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ತಿಂಗಳಿಗೆ ಸ್ಥಿರ ಮೊತ್ತ 25,000 ರೂಪಾಯಿ, ಕೆಲಸದ ಅಂಕಗಳ ಮೇಲೆ 15,000ದವರೆಗೆ. ರಾಜ್ಯಗಳು ಇದನ್ನು ಹೊಂದಿಸಿಕೊಳ್ಳುತ್ತವೆ. ಹೊರರೋಗಿಗಳ ಸಂಖ್ಯೆ, ಚಿಕಿತ್ಸೆಯಲ್ಲಿರುವ ಬಿಪಿ, ಶುಗರ್ ರೋಗಿಗಳು, ಗರ್ಭಿಣಿಯರ ತಪಾಸಣೆ, ದೂರವಾಣಿ ಸಮಾಲೋಚನೆ ಇಂಥ ಸೂಚಕಗಳಿರುತ್ತವೆ.

ತೊಂದರೆ ಏನೆಂದರೆ, ಇವುಗಳಲ್ಲಿ ಹಲವು ಅವರ ಕೈಯಲ್ಲಿಲ್ಲ. ಬಿಪಿಯ ಅಮ್ಲೋಡಿಪಿನ್, ಶುಗರ್‌ನ ಮೆಟ್ಫಾರ್ಮಿನ್ ಮಾತ್ರೆಗಳ ದಾಸ್ತಾನು ಮುಗಿದರೆ ರೋಗಿ ಮುಂದಿನ ತಿಂಗಳು ಬರುವುದಿಲ್ಲ. ಔಷಧ ತರಿಸುವುದು ಮೇಲಿನವರ ಕೆಲಸ, ಅಂಕ ಕಡಿತ ಇವರಿಗೆ. ಪ್ರತಿ ತಿಂಗಳು ಯಾವ ಔಷಧ ಎಷ್ಟು ದಿನ ಇರಲಿಲ್ಲ ಎಂದು ದಾಸ್ತಾನು ಪುಸ್ತಕದಿಂದ ಪಟ್ಟಿ ಮಾಡಿ ಅಂಕಪಟ್ಟಿಯ ಜೊತೆ ಲಗತ್ತಿಸಿ. ವೈದ್ಯಾಧಿಕಾರಿ ಸಹಿ ಮಾಡುವ ಮೊದಲು ಅದನ್ನು ನೋಡುವಂತಾಗಬೇಕು.

ಬೇರೆ ದೇಶಗಳಲ್ಲಿ ಈ ಪದ್ಧತಿ ಫಲ ಕೊಟ್ಟಿದೆಯೇ?

ಕೆಲವು ಕೆಲಸಗಳಲ್ಲಿ ಕೊಟ್ಟಿದೆ, ಕೆಲವುದರಲ್ಲಿ ಇಲ್ಲ. ರುವಾಂಡಾ 2006ರಲ್ಲಿ ಇದನ್ನು ದೇಶವ್ಯಾಪಿ ಮಾಡತೊಡಗಿತು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಸ್ಪತ್ರೆ ಹೆರಿಗೆ ಶೇ 23ರಷ್ಟು ಹೆಚ್ಚಿತು, ಎರಡು ವರ್ಷದೊಳಗಿನ ಮಕ್ಕಳ ಮುನ್ನೆಚ್ಚರಿಕೆ ತಪಾಸಣೆ ಶೇ 56ರಷ್ಟು ಏರಿತು. ಆದರೆ ಗರ್ಭಿಣಿಯರ ನಾಲ್ಕು ತಪಾಸಣೆ, ಮಕ್ಕಳ ಪೂರ್ಣ ಲಸಿಕೆ ಹೆಚ್ಚಲಿಲ್ಲ. ಅಲ್ಲಿ ಆಸ್ಪತ್ರೆಗಳು ಬಂದ ಹಣದ ಬಹುಪಾಲನ್ನು ಸಿಬ್ಬಂದಿಗೇ ಕೊಟ್ಟವು, ಅವರ ಆದಾಯ ಶೇ 38ರಷ್ಟು ಏರಿತು. ನಮ್ಮ 42 ರೂಪಾಯಿಯ ಭೇಟಿಯನ್ನು ಅದರ ಜೊತೆ ಹೋಲಿಸಿ ಫಲ ನಿರೀಕ್ಷಿಸುವುದು ನ್ಯಾಯವಲ್ಲ.

ವಿಶ್ವಬ್ಯಾಂಕ್ 2022ರಲ್ಲಿ ತನ್ನದೇ ಯೋಜನೆಗಳನ್ನು ಹಿಂತಿರುಗಿ ನೋಡಿತು. ಷರತ್ತಿಲ್ಲದೆ ಅಷ್ಟೇ ಹಣವನ್ನು ಆಸ್ಪತ್ರೆಗಳ ಕೈಗೆ ಕೊಟ್ಟು, ಖರ್ಚು ಮಾಡುವ ಸ್ವಾತಂತ್ರ್ಯವನ್ನೂ ಕೊಟ್ಟ ಕಡೆ ಫಲ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಬ್ರಿಟನ್ 2004ರಲ್ಲಿ ಕುಟುಂಬ ವೈದ್ಯರಿಗೆ ಅಂಕಕ್ಕೆ ಹಣ ಶುರುಮಾಡಿದಾಗ ಹಣವಿದ್ದ ಸೂಚಕಗಳು ಮೇಲೇರಿದವು, ಹಣವಿಲ್ಲದವು ಇರಬೇಕಾದ ಮಟ್ಟಕ್ಕಿಂತ ಕೆಳಗುಳಿದವು.

ನಮ್ಮ ದೇಶದ ಎರಡು ಪ್ರಯೋಗಗಳೂ ಉಪಯುಕ್ತ. ರಾಜಸ್ಥಾನದ ಉದಯಪುರದಲ್ಲಿ ನರ್ಸುಗಳ ಹಾಜರಿಯನ್ನು ಸಮಯದ ಮುದ್ರೆ ಒತ್ತುವ ಯಂತ್ರದಿಂದ ದಾಖಲಿಸಿ, ಗೈರಾದರೆ ಸಂಬಳ ಹಿಡಿಯಲಾಯಿತು. ಮೊದಲ ತಿಂಗಳುಗಳಲ್ಲಿ ಹಾಜರಿ ಏರಿತು. ಆಮೇಲೆ ಮೇಲಿನವರು 'ವಿನಾಯಿತಿ ದಿನ'ಗಳನ್ನು ಹೆಚ್ಚಿಸುತ್ತ ಹೋದರು, 16 ತಿಂಗಳಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಕರ್ನಾಟಕದ ಗ್ರಾಮೀಣ ಭಾಗದ ಖಾಸಗಿ ಹೆರಿಗೆ ವೈದ್ಯರ ಮೇಲೆ ನಡೆದ ಪ್ರಯೋಗದಲ್ಲಿ ಕೆಲವರಿಗೆ ಸರಿಯಾದ ಕ್ರಮ ಪಾಲಿಸಿದ್ದಕ್ಕೆ, ಕೆಲವರಿಗೆ ಫಲಿತಾಂಶಕ್ಕೆ ಹಣ ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಹೆರಿಗೆಯ ನಂತರದ ಅತಿ ರಕ್ತಸ್ರಾವ ಕಡಿಮೆಯಾಯಿತು. ಹೆಚ್ಚು ಓದಿದ ವೈದ್ಯರು ಫಲಿತಾಂಶದ ಹಣದಲ್ಲಿ ಇನ್ನೂ ಚೆನ್ನಾಗಿ ಮಾಡಿದರು, ಕ್ರಮಕ್ಕೆ ಹಣ ಕೊಟ್ಟಾಗ ಎಲ್ಲರೂ ಸಮನಾಗಿ ಮಾಡಿದರು. ಆಶಾ ಕಾರ್ಯಕರ್ತೆಯ ಮಟ್ಟದಲ್ಲಿ ಕ್ರಮಕ್ಕೇ ಹಣ ಕೊಡಬೇಕು ಎಂದು ನಾವು ಹೇಳುವುದು ಇದರಿಂದಲೂ.

ಕೆಲಸ ಮಾಡುವವರ ಮನಸ್ಸಿನ ಮೇಲೆ ಇದರ ಪರಿಣಾಮ ಏನು?

ಹಣ ಸಮಯಕ್ಕೆ ಬಂದರೆ, ಲೆಕ್ಕ ಅರ್ಥವಾಗುವಂತಿದ್ದರೆ ಉತ್ಸಾಹ ಹೆಚ್ಚುತ್ತದೆ. ತನ್ನ ಹೆಸರಿನ ಖಾತೆಗೆ ಬರುವ ಹಣ ಮನೆಯಲ್ಲಿ ಅವಳ ಮಾತಿಗೂ ತೂಕ ತರುತ್ತದೆ. ಇದನ್ನು ಕಡೆಗಣಿಸಬಾರದು.

ತಡವಾದರೆ ಎಲ್ಲ ತಿರುವುಮುರುವು. ಮೂರು ತಿಂಗಳ ನಂತರ ಒಟ್ಟಿಗೆ ಬಿದ್ದ ಹಣ ಯಾವ ಕೆಲಸದ್ದು ಎಂದು ಗೊತ್ತಾಗುವುದಿಲ್ಲ. ಸ್ವಸಹಾಯ ಸಂಘದ ಸಾಲದ ಕಂತು ಮಾತ್ರ ವಾರವಾರ ಬರುತ್ತದೆ. ಮನೆಗೆ ಬಂದ ಮೇಲೆ ಆ್ಯಪ್ ತುಂಬುವ ಕೆಲಸ ರಾತ್ರಿಗೆ ಹೋಗುತ್ತದೆ. ಒಂದೇ ಕೆಲಸವನ್ನು ಇಬ್ಬರು ತಮ್ಮದೆಂದು ಬರೆದಾಗ ಆಶಾ ಮತ್ತು ಉಪಕೇಂದ್ರದ ಸಿಬ್ಬಂದಿ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ.

ಸುಳ್ಳು ಲೆಕ್ಕ ಬರೆಯುವವರನ್ನು ಹಿಡಿಯುವುದು ಹೇಗೆ?

ತಿಂಗಳ ಕ್ಲೇಮ್‌ಗಳಿಂದ ಚೀಟಿ ಎತ್ತಿ ಹತ್ತನ್ನು ಆರಿಸಿ. ಐದಕ್ಕೆ ಫೋನ್ ಮಾಡಿ, ಐದಕ್ಕೆ ಮನೆಗೆ ಹೋಗಿ. 'ಆಶಾ ಬಂದಿದ್ದರಾ' ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. 'ಮಗುವನ್ನು ಕೊನೆಯ ಸಲ ತೂಗಿದ್ದು ಯಾವಾಗ, ತೂಕ ಎಷ್ಟಿತ್ತು' ಎಂದು ಕೇಳಿ, ಕಾರ್ಡಿನ ಜೊತೆ ನೋಡಿ. ಪರಿಶೀಲಿಸುವವರು ಅದೇ ಹಣದಲ್ಲಿ ಪಾಲು ಇಲ್ಲದವರಾಗಿರಬೇಕು.

ಒಂದು ತಾಳೆಯಾಗದಿದ್ದರೆ ಮೊದಲು ಕಾರಣ ಕೇಳಿ. ತಾರೀಕು ತಪ್ಪು, ಮನೆಗೆ ಬೀಗ, ತವರಿಗೆ ಹೋದದ್ದು, ಇವೇ ಹೆಚ್ಚು. ಮೂರಕ್ಕಿಂತ ಹೆಚ್ಚು ತಪ್ಪಿದರೆ ಆ ತಿಂಗಳ ಎಲ್ಲವನ್ನೂ ನೋಡಿ. ಇಡೀ ಊರಿನಲ್ಲಿ ಹಲವರ ಲೆಕ್ಕ ಒಟ್ಟಿಗೆ ಸಂಶಯಾಸ್ಪದವಾಗಿದ್ದರೆ ಗುರಿಯನ್ನೇ ಅನುಮಾನಿಸಿ. ವರ್ಷಕ್ಕೆ ಹತ್ತು ಹೆರಿಗೆಯಾಗುವ ಊರಿಗೆ ಇಪ್ಪತ್ತೈದರ ಗುರಿ ಕೊಟ್ಟರೆ ಸುಳ್ಳನ್ನು ಕೇಳಿ ಪಡೆದಂತೆ.

ಕಾಯಕಲ್ಪದ ಬಹುಮಾನ ಹೇಗೆ ಹಂಚಬೇಕು?

ಶೇ 75 ಆಸ್ಪತ್ರೆಯ ಸೌಕರ್ಯಕ್ಕೆ, ಶೇ 25 ತಂಡಕ್ಕೆ. 50,000 ರೂಪಾಯಿಯ ಪ್ರಶಂಸಾ ಬಹುಮಾನ ಬಂದರೆ ತಂಡದ ಪಾಲು 12,500. ಗ್ರೂಪ್ ಡಿ ನೌಕರರನ್ನು, ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯನ್ನು ಮರೆಯಬೇಡಿ. ಆ ಅಂಕ ಬಂದದ್ದು ಅವರ ಕೈಯಿಂದ. ಹಂಚಿಕೆಯ ಪಟ್ಟಿಯನ್ನು ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಯಿರಿ.

ಇದನ್ನು ರದ್ದುಮಾಡಿ ಸಂಬಳವನ್ನೇ ಕೊಡಬಾರದೇ?

ಬದುಕಲು ಸಾಕಾಗುವ ಸ್ಥಿರ ಮೊತ್ತ ಮೊದಲು ಬರಬೇಕು, ಪ್ರೋತ್ಸಾಹಧನ ಅದರ ಮೇಲೆ ಚಿಕ್ಕ ಭಾಗವಾಗಿರಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕರ್ನಾಟಕ ಆಶಾ ಕಾರ್ಯಕರ್ತೆಯರಿಗೆ ತಿಂಗಳಿಗೆ 5,000 ರೂಪಾಯಿ ಗೌರವಧನ ಕೊಡುತ್ತಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಡೆದ ಧರಣಿಯ ನಂತರ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತ್ರಿಯ ಭರವಸೆ ಬಂತು. ನಿತ್ಯದ ಕೆಲಸಗಳಿಗೆ ಕೇಂದ್ರ ಕೊಡುತ್ತಿದ್ದ 2,000 ರೂಪಾಯಿಯನ್ನು 3,500ಕ್ಕೆ ಏರಿಸುವ ನಿರ್ಧಾರವೂ ಅದೇ ವರ್ಷದ್ದು.

ಉಳಿಯುವ ಪ್ರೋತ್ಸಾಹಧನಕ್ಕೆ ಕರಾವಳಿಯಲ್ಲಿ ಬೇಕಾದದ್ದು ಸರಳ. ಸೂಚಕಗಳು ಎಂಟು ಹತ್ತಕ್ಕಿಂತ ಹೆಚ್ಚು ಬೇಡ. ಬಿಪಿ, ಶುಗರ್, ಹಾಸಿಗೆ ಹಿಡಿದವರ ಆರೈಕೆಗೆ ಭೇಟಿಯ ಲೆಕ್ಕದಲ್ಲಿ ಹಣ ಬರಲಿ. ಒಂಟಿ ಮನೆಗಳ ಊರುಗಳಿಗೆ ದೂರದ ಭತ್ಯೆ ಸೇರಲಿ. ಮುಂದಿನ ತಿಂಗಳ ಹದಿನೈದರೊಳಗೆ, ಯಾವ ಕೆಲಸಕ್ಕೆ ಎಷ್ಟು ಎಂಬ ಪಟ್ಟಿಯೊಂದಿಗೆ ಪಾವತಿಯಾಗಲಿ.

ಬಾಕಿ ಹಣಕ್ಕೆ ಯಾರನ್ನು ಕೇಳಬೇಕು?

ಬಾಯಿಮಾತು ಸಾಲದು. ತಿಂಗಳು, ಕೆಲಸ, ಫಲಾನುಭವಿಯ ಆರ್‌ಸಿಎಚ್ ಸಂಖ್ಯೆ, ಬರಬೇಕಾದ ಮೊತ್ತ, ಬಂದ ಮೊತ್ತ, ಈ ಐದು ಅಂಕಣಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ವೈದ್ಯಾಧಿಕಾರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಪಡೆಯಿರಿ. ಹದಿನೈದು ದಿನ ನೋಡಿ, ಅದೇ ಪ್ರತಿಯ ನಕಲಿನೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ನಾಲ್ಕೈದು ಜನ ಸೇರಿ ಕೊಟ್ಟರೆ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ.

ಅಲ್ಲೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 'ಯಾಕೆ ಕೊಟ್ಟಿಲ್ಲ' ಎಂದು ಬರೆಯಬೇಡಿ. 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇಂಥ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಿಡುಗಡೆಯಾದ ಆಶಾ ಪ್ರೋತ್ಸಾಹಧನ, ಪಾವತಿಯಾದ ದಿನಾಂಕ ಮತ್ತು ತಿರಸ್ಕೃತ ಕ್ಲೇಮ್‌ಗಳ ಪಟ್ಟಿಯ ದೃಢೀಕೃತ ಪ್ರತಿ' ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ.